ಏಕನಾಥರಾಯರ ಕಪಾಟಿನ ಕೀಲಿಕೈ

ಆಪತ್ತು ಬಂದಾಗ ಹೇಗಿರಬೇಕೆಂದು ಪುಣೆಯ ನದಿ ದಂಡೆಯ ಆ ವಸತಿ ಸೊಸೈಟಿಗೆಲ್ಲ ಕಲಿಸಿದವರು ಏಕನಾಥರಾಯರು. ಹಾಗೆಂದು ಹೇಳಿಕೊಂಡವರೂ ಅವರೇ. ವಿಜಯಪುರ ಸೀಮೆಯಿಂದ ಬಂದು, ಚಾಕಣದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದ ಮನುಷ್ಯ. ನಟ್ಟು ಬೋಲ್ಟು ಕಾದು ಕಾದು, ಕಾಯುವುದೆಂದರೆ ಬೀಗ ಹಾಕುವುದು ಎಂದೇ ನಂಬಿಬಿಟ್ಟಿದ್ದರು. ನಿವೃತ್ತರಾದ ಮೇಲೆ ಕಾಯಲು ಉಳಿದದ್ದು ನೆಲಮಹಡಿಯ ಎರಡು ಕೋಣೆ, ಹೆಂಡತಿ ಗಂಗೂಬಾಯಿ, ಮಗ ದತ್ತು, ಸೊಸೆ ಶಿವಾನಿ, ನಾಲ್ಕು ವರ್ಷದ ಮೊಮ್ಮಗಳು ಮಾಯಾ. ಮನುಷ್ಯರಿಗೆ ಬೀಗ ಹಾಕಲು ಬರುವುದಿಲ್ಲವಲ್ಲ, ಅವರ ಕಾಗದಗಳಿಗೆ ಹಾಕಿದರು.

ಬಾಗಿಲ ಹಿಂದೆ ಒಂದು ಚೀಲ ತೂಗುತ್ತಿತ್ತು. ಮೇಲೆ ಕೆಂಪಕ್ಷರದಲ್ಲಿ 'ತುರ್ತು' ಎಂದು ಬರೆದಿತ್ತು. ಒಳಗೆ ಟಾರ್ಚು ಇತ್ತು, ಸೆಲ್ಲು ಇರಲಿಲ್ಲ. ಸೆಲ್ಲು ಸೋರುತ್ತವೆಂದು ತೆಗೆದು ಎಲ್ಲೋ ಇಟ್ಟಿದ್ದರು. ಬಿಸ್ಕತ್ತಿನ ಅವಧಿ ಮುಗಿದು ವರ್ಷವಾಗಿತ್ತು, ಮಗು ಕೈಹಾಕಿದರೆ ಮಾತ್ರ "ಏ, ಅದು ಆಪತ್ತಿಂದು!" ಎಂದು ಗದರುವರು. ಅಸಲು ಕಾಗದಗಳೆಲ್ಲ ಉಕ್ಕಿನ ಕಪಾಟಿನಲ್ಲಿ. ಅದರ ಕೀಲಿಕೈ ರಾಯರ ಜನಿವಾರದಲ್ಲಿ. ಸ್ನಾನಕ್ಕೂ ಅದು, ಊಟಕ್ಕೂ ಅದು, ನಿದ್ದೆಗೂ ಅದು.

ಶಿವಾನಿಗೆ ಬೇಕಾಗಿದ್ದದ್ದು ಅದರೊಳಗಿನ ಒಂದೇ ಫೈಲು. ಮಾಯಾಳ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ರಂಧ್ರ. ಎಂಟು ತಿಂಗಳು ಕಾಯ್ದ ಮೇಲೆ ಸರಕಾರಿ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಗೆ ಸೋಮವಾರದ ತಾರೀಖು ಸಿಕ್ಕಿತ್ತು. ಅಸಲು ಕಾಗದ ತೋರಿಸದಿದ್ದರೆ ತಾರೀಖು ಬೇರೆ ಮಗುವಿಗೆ ಹೋಗುತ್ತದೆ ಎಂದು ಆಸ್ಪತ್ರೆಯವರು ಖಡಾಖಂಡಿತ ಹೇಳಿದ್ದರು. ಅಂದಿನಿಂದ ಶಿವಾನಿ ಗಳಿಗೆಗೊಮ್ಮೆ ಮಗಳ ತುಟಿ ನೀಲಿಗಟ್ಟಿತೇ ಎಂದು ನೋಡುವಳು, ಗಳಿಗೆಗೊಮ್ಮೆ ಆ ಕಪಾಟು ನೋಡುವಳು.

"ಮಾಮಾ, ಫೈಲ್ ನನ್ ಕಡೆ ಕೊಟ್ಟುಬಿಡ್ರಿ. ಫೋಟೋನರ ತಕ್ಕೊಂಡ್ ಇಟ್ಕೋತೀನಿ."

"ಫೋನಿನ್ಯಾಗ ಇಟ್ಟಿದ್ದು ಊರಿಗೆಲ್ಲಾ ಹೋಗ್ತದ. ಸೋಮವಾರ ಮುಂಜಾನೆ ನಾನೇ ತಗದ್ ಕೊಡ್ತೀನಿ. ನಿಂದು ಭಾಳ ಹುಚ್ಚು ಅವಸರ."

"ಇನ್ನೊಂದ್ ಕೀಲಿನರ ಎಲ್ಲದ?"

"ಸುರಕ್ಷಿತ ಅದ."

ಎಲ್ಲಿ ಎಂದು ಬಾಯಿಬಿಟ್ಟರೆ ಸುರಕ್ಷಿತ ಹೇಗಾದೀತು!

ಶನಿವಾರ ಉಪಾಕರ್ಮ. ಶ್ರಾವಣದಲ್ಲಿ ಹಳೆಯ ಜನಿವಾರ ತೆಗೆದು ಹೊಸದು ಹಾಕಿಕೊಳ್ಳುವ ದಿನ. ರಾಯರು ಮುಂಜಾನೆ ಮಠಕ್ಕೆ ಹೋಗಿ, ಮಂತ್ರ ಹೇಳಿ, ಎರಡು ಸಲ ಪಾಯಸ ಹಾಕಿಸಿಕೊಂಡು ಬಂದು ಮಲಗಿದರು. ಘಟ್ಟದ ಕಡೆ ಮೂರು ದಿನದಿಂದ ಮಳೆ. ಮಧ್ಯಾಹ್ನ ಅಣೆಕಟ್ಟಿನ ಬಾಗಿಲು ತೆರೆದರು. ಎರಡು ಗಂಟೆಗೆ ನದಿ ಸೊಸೈಟಿಯ ಪಾರ್ಕಿಂಗಿನಲ್ಲಿತ್ತು. ಕಾವಲುಗಾರ ಭೋಂಗಾ ಹಿಡಿದು ಮರಾಠಿಯಲ್ಲಿ ಕೂಗತೊಡಗಿದ: "ತಳಮಜಲಾ ರಿಕಾಮಾ ಕರಾ! ಪಾಣೀ ಯೇತಯ್!" ನೆಲಮಹಡಿ ಖಾಲಿ ಮಾಡಬೇಕು, ನೀರು ಬರುತ್ತಿದೆ. ದತ್ತು ತಳೇಗಾಂವದ ಕಾರ್ಖಾನೆಯಲ್ಲಿ. ದಾರಿ ಬಂದ್ ಆಗಿತ್ತು.

ರಾಯರು ಗತ್ತಿನಿಂದ ಎದ್ದರು. "ಯಾರೂ ಗಾಬರಿ ಆಗಬ್ಯಾಡ್ರಿ. ಇದಕ್ಕಂತನ ನಾ ತಯಾರಿ ಮಾಡೀನಿ." ಬನಿಯನ್ನಿನೊಳಗೆ ಕೈ ಹಾಕಿದರು. ಕೈ ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಬೆನ್ನಿಗೆ ಹೋಯಿತು. ಅರಿಸಿನ ಹಚ್ಚಿದ ಹೊಸ ದಾರ ಒಂದೇ ಇತ್ತು.

"ಕೀಲಿ ಎಲ್ರಿ, ಮಾಮಾ?"

"ಇಲ್ಲೇ ಎಲ್ಲೋ ಅದ."

ಗಂಗೂಬಾಯಿ ಗಂಡನ ಎದೆಯನ್ನೇ ನೋಡುತ್ತ ಕೇಳಿದರು, "ಹಳೀ ಜನಿವಾರ ಎಲ್ಲಿ ಹಾಕಿದ್ರಿ?"

"ಎಲ್ಲಾರೂ ಹಾಕಿದಲ್ಲೇ. ಮಠದ ಕೊಳಗದಾಗ."

"ಕೊಳಗಾ?"

"ಆಚಾರ್ರು... ನದಿಗೆ ಬಿಟ್ರು."

"ಶಹಬ್ಬಾಸ್! ಮಂದಿ ಜನಿವಾರ ಬಿಟ್ರ ನೀವು ಸಂಸಾರದ ಕೀಲಿನೇ ಗಂಗಾರ್ಪಣ ಮಾಡಿ, ಪಾಯಸಾ ಉಂಡು ಬಂದ್ರಿ."

"ಇನ್ನೊಂದು ಕೀಲಿ?" ಶಿವಾನಿ ಮಾವನಿಗೆ ಅಡ್ಡ ನಿಂತು ಕೇಳಿದಳು.

ರಾಯರು ಕಪಾಟಿನ ಕಡೆ ನೋಡಿದರು. "ಅದು ಒಳಗ ಅದ. ಪಾಕೀಟಿನ ಮ್ಯಾಲ ಹೆಸರು ಸೈತ ಬರದ್ ಇಟ್ಟೀನಿ."

ನೀರು ಹೊಸ್ತಿಲು ದಾಟಿತು. ಫೈಲು ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿತ್ತು; ಭಾರವಾದದ್ದು ಕೆಳಗಿರಬೇಕೆಂಬುದು ಉಗ್ರಾಣದ ನಿಯಮವಂತೆ. ರಾಯರು ಈಗ ಬೀಗದವನ ನಂಬರು ಹುಡುಕುತ್ತಿದ್ದರು. ಕೆರೆ ಒಡೆದ ಮೇಲೆ ಏರಿ ಕಟ್ಟುವ ಜಾತಿ.

ಶಿವಾನಿ ಮಾಯಾಳನ್ನು ಅತ್ತೆಯ ಕಂಕುಳಿಗೆ ಕೊಟ್ಟು ಮೆಟ್ಟಿಲಿಗೆ ಕಳಿಸಿದಳು. ಅಡುಗೆಮನೆಯಿಂದ ಮಸಾಲೆ ಕುಟ್ಟುವ ಕಬ್ಬಿಣದ ಖಲಬತ್ತಿನ ದಿಂಡು ತಂದು ಕಪಾಟಿನ ಹಿಡಿಗೆ ಹೊಡೆದಳು.

"ಏ, ಏನ್ ಮಾಡ್ತಿ! ನಮ್ಮಪ್ಪ ಕೊಡಿಸಿದ ಕಪಾಟು ಅದು!"

"ಕಪಾಟು ನಿಮ್ಮಪ್ಪಂದು, ಜೀವ ನನ್ನ ಮಗಳದು. ಸರೀರಿ ಆ ಕಡೆ!"

ಮದುವೆಯಾಗಿ ಆರು ವರ್ಷದಲ್ಲಿ ಅವಳು ಮಾವನಿಗೆ ಎದುರಾಡಿದ್ದು ಅದೇ ಮೊದಲು. ಏಳನೆಯ ಏಟಿಗೆ ಹಿಡಿ ಕಳಚಿತು. ಬಾಗಿಲ ಸಂದಿಗೆ ಉಕ್ಕಿನ ಸಟ್ಟುಗ ತೂರಿಸಿ ಮೈಭಾರವನ್ನೆಲ್ಲ ಹಾಕಿ ಮೀಟಿದಳು. ಸಟ್ಟುಗ ಬಾಗಿತು, ಅಂಗೈ ಸೀಳಿತು, ಬಾಗಿಲು ಬಿಟ್ಟುಕೊಂಡಿತು. ಫೈಲಿನ ರಟ್ಟು ನೆನೆದಿತ್ತು. ಒಳಗಿನ ಕಾಗದ ನೆನೆದಿರಲಿಲ್ಲ.

ಸಂಜೆ ಎತ್ತರದ ಶಾಲೆಯೊಂದರಲ್ಲಿ ಎಲ್ಲರೂ ಬೆಂಚುಗಳ ಮೇಲೆ ಕೂತಿದ್ದಾಗ ರಾಯರ ಕಂಠ ಮರಳಿ ಬಂದಿತ್ತು. "ಮೊದಲ ತಯಾರಿ ಇರಬೇಕ್ರಿ. ನಮ್ಮನ್ಯಾಗ ಒಂದ್ ಕಾಗದ ಹೋಗಿಲ್ಲ ನೋಡ್ರಿ," ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಆಮೇಲೆ ಸೊಸೆಯ ಕಡೆ ಕೈ ಚಾಚಿದರು. "ತಾ ಇಲ್ಲಿ, ನನ್ ಕಡೆ ಸುರಕ್ಷಿತ ಇರ್ತದ."

ಶಿವಾನಿ ಆ ಕೈಯನ್ನು ನೋಡಿದಳು, ಮೂಗಿನ ಹತ್ತಿರ ಬಂದ ನೊಣ ನೋಡುವ ಹಾಗೆ. ಒಂದೊಂದೇ ಹಾಳೆಯ ಫೋಟೋ ತೆಗೆದು ದತ್ತುವಿಗೂ ತನ್ನ ತಂಗಿಗೂ ಕಳಿಸಿದಳು. ಅಸಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುರ್ತಾದೊಳಗೆ ಹೊಟ್ಟೆಗೆ ಕಟ್ಟಿಕೊಂಡಳು.

"ಅದೇನ್ ಅಸಹ್ಯ!" ಎಂದರು ರಾಯರು.

"ನದಿಗಂತೂ ಬಿಡೂದಿಲ್ಲ ಅಕಿ," ಎಂದರು ಗಂಗೂಬಾಯಿ.

ಸೋಮವಾರ ಆಸ್ಪತ್ರೆಯ ಕಿಟಕಿಯಲ್ಲಿ ಕೂತ ಹುಡುಗಿ ಹಾಳೆ ಮಗುಚಿ, ಎಲ್ಲ ಸರಿಯಾಗಿದೆ ಎಂದು ಠಸ್ಸೆ ಒತ್ತಿದಳು. "ಎಲ್ಲಾ ನಾನೇ ಜೋಡಿಸಿದ್ದು," ಎಂದು ರಾಯರು ಹಿಂದಿನಿಂದ ಮರಾಠಿಯಲ್ಲಿ ಅರುಹಿದರು. ಶಿವಾನಿ ತಿರುಗಿಯೂ ನೋಡಲಿಲ್ಲ. ಪಟ್ಟಿ ಸುತ್ತಿದ ಕೈಯಲ್ಲಿ ಕಾಗದಗಳನ್ನು ಮರಳಿ ಪಡೆದು, ಮಗಳನ್ನು ಎತ್ತಿಕೊಂಡು ವಾರ್ಡಿನೊಳಗೆ ಹೋದಳು.