ಒಂದೇ ಲಾರಿಗೆ ಐದನೇ ಗಾಜು

ಸಿದ್ದರಾಮು ಗಾಜು ಒಡೆದಿಲ್ಲ. ಈ ಮಾತು ಮೊದಲ ಸಾಲಿನಲ್ಲೇ ಬರಬೇಕೆಂದು ನನಗೆ ತಾಕೀತಾಗಿದೆ, ಬರೆದಿದ್ದೇನೆ. ತಾಕೀತು ಮಾಡಿದವರು ಪಟ್ಟಲಮ್ಮ. ಮದ್ದೂರಿನ ಹಳೇ ಹೆದ್ದಾರಿ ಬದಿಯಲ್ಲಿ ಇಪ್ಪತ್ತಾರು ವರ್ಷದಿಂದ ಲಾರಿ, ಬಸ್ಸುಗಳಿಗೆ ಮುಂದಿನ ಗಾಜು ಕೂರಿಸುತ್ತಿರುವ ನಲವತ್ತೊಂಬತ್ತರ ಹೆಂಗಸು. ಅವರ ಬಗ್ಗೆ ಪೇಪರಿನಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಹೋದವನು ನಾನು. ಅಲ್ಲಿ ಆದ ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲ.

ಬೆಳಿಗ್ಗೆ ಐದೂಮುಕ್ಕಾಲು. ತಗಡಿನ ಶೆಡ್ಡಿನ ಮುಂದೆ ಬ್ಯಾಟರಿಯಲ್ಲಿ ಓಡುವ ಕರೆಂಟು ಲಾರಿಯೊಂದು ನಿಂತಿದೆ. ಪಟ್ಟಲಮ್ಮ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಏಣಿಯ ಮೇಲಿದ್ದಾರೆ. ಕ್ಯಾಬಿನ್ ಒಳಗೆ ಅವರ ಮೈದುನ ಕರಿಯಯ್ಯ. ಗಾಜು ಅಂಟಿಸಿದ ಗಮ್ಮಿನ ನಡುವೆ ತೂರಿಸಿದ ತಂತಿಯ ಒಂದು ತುದಿ ಇವರ ಕೈಲಿ, ಇನ್ನೊಂದು ಅವರ ಕೈಲಿ. ಇವರು ಎಳೆದಾಗ ಅವರು ಸಡಿಲ ಬಿಡಬೇಕು, ಅವರು ಎಳೆದಾಗ ಇವರು. ಗರಗಸ ಆಡಿಸಿದ ಹಾಗೆ ಸುತ್ತಲೂ ಕೊಯ್ದು ಒಡೆದ ಗಾಜನ್ನು ಬಿಡಿಸಲು ಒಂದೂಕಾಲು ಗಂಟೆ ಹಿಡಿಯುತ್ತದೆ.

"ಸಡ್ಲ ಬುಡು ಕರಿಯಯ್ಯ. ತಂತಿ ತುಂಡಾದ್ರೆ ಮೊದ್ಲಿಂದ ಸುರು ಮಾಡ್ಬೇಕಾಯ್ತದೆ" ಎನ್ನುತ್ತಾರೆ ಪಟ್ಟಲಮ್ಮ. ಒಳಗಿನ ತುದಿ ಸಡಿಲವಾಗುತ್ತದೆ.

ಇಂಥ ಲಾರಿಯನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಇದಕ್ಕೆ ಮೂತಿಯೇ ಇಲ್ಲ. ಮುಂಭಾಗವೆಲ್ಲ ನುಣ್ಣಗೆ, ಅದರಲ್ಲಿ ಮುಕ್ಕಾಲು ಪಾಲು ಒಂದೇ ಗಾಜು, ಎರಡೂ ಕಡೆ ಬಾಗಿ ಬಾಗಿಲ ಹತ್ತಿರದವರೆಗೆ ಹೋಗಿದೆ. ತೂಕ ಐವತ್ತೆರಡು ಕೆ.ಜಿ. ಒಳಗೆ ಹತ್ತಿ ನೋಡಿದರೆ ಡ್ರೈವರ್ ಸೀಟು ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ನಟ್ಟನಡುವೆ ಇದೆ. ಮಾಡಿದವರು ಬುದ್ಧಿವಂತರೇ ಇರಬೇಕು, ಆದರೆ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಒಂದು ಚೀಟಿ ಕೊಟ್ಟು ಗೊತ್ತಿದ್ದವರಲ್ಲ. ಚೀಟಿ ಚಾಚಬೇಕಾದರೆ ಡ್ರೈವರು ಸೀಟಿನಿಂದೆದ್ದು ಮೂರು ಹೆಜ್ಜೆ ನಡೆದು ಬಾಗಿಲಿಗೆ ಬರಬೇಕು. "ಎಲೆಅಡಿಕೆ ಉಗಿಯೋಕೂ ಎದ್ ಬರ್ಬೇಕು ಸಾ" ಎಂದು ಕರಿಯಯ್ಯ ಅಂದಿನ ಮೊದಲ ಮಾತಾಡುತ್ತಾರೆ.

ಮದ್ದೂರು ಮಂಡ್ಯ ನಡುವೆ ಗೋದಾಮು ಇಟ್ಟುಕೊಂಡಿರುವ ಸಾಗಣೆ ಕಂಪನಿಯೊಂದು ಕಳೆದ ಡಿಸೆಂಬರಿನಲ್ಲಿ ಇಂಥ ಹನ್ನೊಂದು ಲಾರಿ ತಂದಿದೆ. ಹತ್ತು ಲಾರಿಗೆ ಬರುವಾಗ ಇದ್ದ ಗಾಜೇ ಇನ್ನೂ ಇದೆ. ಇದೊಂದಕ್ಕೆ ಮಾತ್ರ ಕಳೆದ ಮೂರು ತಿಂಗಳಲ್ಲಿ ನಾಲ್ಕು ಗಾಜು ಸೀಳಿವೆ. ಓಡಿಸುತ್ತಿದ್ದವನು ಮಳವಳ್ಳಿ ಕಡೆಯ ಸಿದ್ದರಾಮು. ಹದಿನೆಂಟು ವರ್ಷ ಡೀಸೆಲ್ ಲಾರಿ ಓಡಿಸಿ, ಹೊಸದಾಗಿ ಪರೀಕ್ಷೆ ಪಾಸು ಮಾಡಿ ಈ ಸೀಟಿಗೆ ಬಂದವನು. ನಾಲ್ಕನೇ ಗಾಜು ಸೀಳಿದ ದಿನ ಕಂಪನಿ ಅವನನ್ನು ಇಳಿಸಿ, ಗೇಟಿನಲ್ಲಿ ಲಾರಿಗಳ ನಂಬರು ಬರೆಯಲು ಕೂರಿಸಿದೆ. ತಿಂಗಳು ಮುಗಿದರೆ ಅದೂ ಇರುವುದಿಲ್ಲವಂತೆ. ಪ್ರತಿ ಸಲವೂ ಕಂಪನಿಯವರು ಗಾಜು ಯಾಕೆ ಹೋಯಿತೆಂದು ಕೇಳಿದ್ದು ಪಟ್ಟಲಮ್ಮನವರನ್ನೇ. ಪ್ರತಿ ಸಲವೂ ಇವರು ಹೇಳಿದ್ದು "ಕಲ್ಲೇಟು" ಎಂದು. ನಾಲ್ಕನೇ ಸಲ ಒಂದು ಮಾತು ಹೆಚ್ಚಿಗೇ ಆಡಿದ್ದಾರೆ: ಇವ್ನು ಜಲ್ಲಿ ಲಾರಿ ಬೆನ್ನಿಗೇ ಬಿದ್ದು ಓಡುಸ್ತಾನೆ ಅಂತ ಕಾಣ್ತದೆ.

ಅವರ ಮಾತಿಗೆ ಅಷ್ಟು ಬೆಲೆ ಸುಮ್ಮನೆ ಬಂದದ್ದಲ್ಲ. ಕೊಕ್ಕರೆ ಬೆಳ್ಳೂರಿನಿಂದ ಮದುವೆಯಾಗಿ ಬಂದಾಗ ಈ ಶೆಡ್ಡು ಮಾವ ಬೋರಯ್ಯನವರದು. ಗಂಡನಿಗೆ ಗದ್ದೆಯ ಕಡೆ ಮನಸ್ಸು, ಗಾಜಿನ ಸಹವಾಸ ಬೇಡ. ಮಾವನ ಕೈ ನಡುಗಲು ಶುರುವಾದಾಗ ಹಗ್ಗ ಹಿಡಿದವಳು ಸೊಸೆ. ಆಗಿನ ಗಾಜು ರಬ್ಬರಿನಲ್ಲಿ ಕೂರುತ್ತಿತ್ತು. ರಬ್ಬರಿನ ಸೀಳಿಗೆ ಹಗ್ಗ ಸುತ್ತಿ, ಸೋಪಿನ ನೀರು ಬಳಿದು, ಹೊರಗೊಬ್ಬರು ಗಾಜು ಒತ್ತುವಾಗ ಒಳಗಿನವರು ಹಗ್ಗ ಎಳೆಯುತ್ತ ಬಂದರೆ ಗಾಜು ತನ್ನ ಜಾಗಕ್ಕೆ ಕೂರುತ್ತದೆ.

"ಮೊದ್‌ಮೊದ್ಲು ಡ್ರೈವರ್‌ಗೋಳು ನನ್ನ ನೋಡಿ ಗಾಡಿ ತಿರುಗ್ಸ್ಕಂಡು ಓಗೋರು. ಎಂಗ್ಸು ಕೂರ್ಸಿದ ಗಾಜು ನಿಂತ್ಕತದಾ ಅಂತ. ನಮ್ ಮಾವ ಒಳ್ಗಿಂದ್ಲೇ, ಅದು ಬಿದ್ರೆ ನನ್ ತಲೆ ಮ್ಯಾಲೆ ಬೀಳ್ಲಿ ನಿಲ್ಸ್ರೋ ಅನ್ನೋರು" ಎನ್ನುತ್ತಾರೆ. ಎಡಗೈಯ ಎರಡು ಬೆರಳು ಈಗ ಮಡಿಯುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಬಸ್ಸಿನ ಗಾಜೊಂದು ಜಾರಿದಾಗ ಕೈ ಕೊಟ್ಟು ಹಿಡಿದದ್ದರ ಗುರುತು. "ಗಾಜು ಉಳೀತು" ಎಂದು ಅದನ್ನೂ ಲಾಭದ ಲೆಕ್ಕದಲ್ಲೇ ಹೇಳುತ್ತಾರೆ.

ದಿನಕ್ಕೆ ಮೂರು ಗಾಜು. ಕಬ್ಬು ಅರೆಯುವ ಕಾಲದಲ್ಲಿ ಐದಾರು. ಟ್ರಾಕ್ಟರಿನ ಚಕ್ರದಿಂದ ಚಿಮ್ಮಿದ ಕಲ್ಲು, ಜಲ್ಲಿ ಲಾರಿಯಿಂದ ಉದುರಿದ ಕಲ್ಲು. ಕಲ್ಲು ಬಿದ್ದ ಕಡೆ ಸಾಸಿವೆ ಗಾತ್ರದ ಗುಳಿ ಇರುತ್ತದೆ. ಪಟ್ಟಲಮ್ಮ ಹೆಬ್ಬೆರಳಿನ ಉಗುರನ್ನು ಬಿರುಕಿನುದ್ದಕ್ಕೂ ಎಳೆಯುತ್ತಾರೆ, ಗುಳಿ ಇದ್ದಲ್ಲಿ ಉಗುರು ತಡೆದು ನಿಲ್ಲುತ್ತದೆ.

ಬೋರಯ್ಯ ಕಲಿಸಿದ ಇನ್ನೊಂದು ಪಾಠವೂ ಇದೆ. ಗಾಜು ಕೂರಿಸಿದ ಕೈಯೇ ಅದಕ್ಕೆ ಮೊದಲ ಆರತಿ ಎತ್ತಬೇಕು. ಗಮ್ಮು ಒಣಗಿದ ಮಾರನೇ ದಿನ, ಗಾಜಿಗೆ ಅರಿಸಿನ ಕುಂಕುಮ ಇಟ್ಟು, ಪುಟ್ಟ ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಡ್ರೈವರು ಕೈ ಮುಗಿದ ಮೇಲೇ ಗಾಡಿ ಹೊರಡುವುದು. ಪಟ್ಟಲಮ್ಮನ ಕರ್ಪೂರ ಕಂಡ ಗಾಜು ಒಡೆಯುವುದಿಲ್ಲವೆಂದು ತಮಿಳುನಾಡಿನ ಡ್ರೈವರುಗಳೂ ನಂಬುತ್ತಾರಂತೆ. ಇದನ್ನು ನಾನು ಬಣ್ಣ ಬಣ್ಣವಾಗಿ ಟಿಪ್ಪಣಿ ಮಾಡಿಕೊಂಡೆ. ಲೇಖನಕ್ಕೆ ಒಳ್ಳೆಯ ಅಲಂಕಾರ ಸಿಕ್ಕಿತೆಂಬ ಖುಷಿ ನನಗೆ.

ಏಳು ಗಂಟೆಗೆ ಒಡೆದ ಗಾಜು ಕೈಗೆ ಬರುತ್ತದೆ. ಇಬ್ಬರೂ ಹೊತ್ತು ತಂದು ಶೆಡ್ಡಿನ ಗೋಡೆಗೆ ಒರಗಿಸುತ್ತಾರೆ. ಅದೇ ಲಾರಿಯ ಹಿಂದಿನ ಮೂರು ಗಾಜೂ ಅಲ್ಲೇ ಇವೆ. ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಈ ಗಾಜನ್ನು ಗುಜರಿಯವರು ಮುಟ್ಟುವುದಿಲ್ಲ. ಫೋಟೋ ತೆಗೆಯೋಣವೆಂದು ನಾನು ಪಟ್ಟಲಮ್ಮನವರನ್ನು ನಾಲ್ಕು ಗಾಜಿನ ಮುಂದೆ ನಿಲ್ಲಿಸುತ್ತೇನೆ. ಮೊಬೈಲಿನ ಪರದೆಯಲ್ಲಿ ನೋಡಿದಾಗ ಏನೋ ಸರಿಯಿಲ್ಲ ಎನ್ನಿಸುತ್ತದೆ.

"ಅಮ್ಮ, ಮೊದಲನೆಯದು ಬಿಟ್ಟರೆ ಉಳಿದ ಮೂರರ ಬಿರುಕೂ ಒಂದೇ ಜಾಗದಿಂದ ಎದ್ದಿದೆಯಲ್ಲ" ಎನ್ನುತ್ತೇನೆ. ಜಾಣತನ ತೋರಿಸಲು ಅಂದದ್ದಲ್ಲ, ಫೋಟೋಗೆ ಅಡ್ಡ ಬರುತ್ತಿತ್ತು.

ಅವರು ತಿರುಗಿ ನೋಡುತ್ತಾರೆ. ಮೊದಲ ಗಾಜಿನಲ್ಲಿ ಎದೆಯೆತ್ತರಕ್ಕೆ ಕಲ್ಲು ಬಿದ್ದ ಗುಳಿ, ಸುತ್ತ ಜೇಡರ ಬಲೆ. ಮಿಕ್ಕ ಮೂರರಲ್ಲಿ ಬಲೆ ಇಲ್ಲ. ಕೆಳ ಅಂಚಿನ ಕಪ್ಪು ಪಟ್ಟಿಯಿಂದ ಒಂದೊಂದೇ ಗೆರೆ ಎದ್ದು ಮೇಲೆ ಹೋಗಿದೆ. ಪಟ್ಟಲಮ್ಮ ಕುಕ್ಕರಗಾಲಲ್ಲಿ ಕೂತು ವೈಪರ್ ಬುಡದ ಗುರುತಿನಿಂದ ಅಳೆಯುತ್ತಾರೆ. ಒಂದು ಗೇಣು, ನಾಲ್ಕು ಬೆರಳು. ಮುಂದಿನದು, ಒಂದು ಗೇಣು ನಾಲ್ಕು ಬೆರಳು. ಅದರ ಮುಂದಿನದೂ ಅಷ್ಟೇ. ಉಗುರು ಎಳೆಯುತ್ತಾರೆ, ಎಲ್ಲೂ ತಡೆಯುವುದಿಲ್ಲ. ಉಗುರಿಗೆ ಮಸಿ ಹತ್ತಿದೆ. ಮೂಸಿ ನೋಡುತ್ತಾರೆ. ಆಮೇಲೆ ಅವರು ನೆಲದ ಮೇಲೆ ಕೂತ ರೀತಿ ನೋಡಿ ನಾನು ಕರಿಯಯ್ಯನವರನ್ನು ಕೂಗುತ್ತೇನೆ.

"ಕರ್ಪೂರ" ಎನ್ನುತ್ತಾರೆ.

ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಹಳೇ ಲಾರಿಗಳಲ್ಲಿ ಗಾಜಿನ ಕೆಳಗೆ ಅಗಲವಾದ ಬಾನೆಟ್ಟು, ಅದರ ಕೆಳಗೆ ಬಂಪರು, ತಟ್ಟೆ ಇಡಲು ಬೇಕಾದಷ್ಟು ಜಾಗ. ಈ ಲಾರಿಯ ನುಣ್ಣನೆ ಮುಖದಲ್ಲಿ ತಟ್ಟೆ ನಿಲ್ಲುವುದು ಒಂದೇ ಕಡೆ, ವೈಪರಿನ ಪಕ್ಕ, ಗಾಜಿನ ಬುಡಕ್ಕೆ ಒತ್ತಿಕೊಂಡು. ಅಲ್ಲೇ ಇಟ್ಟಿದ್ದಾರೆ. ಬುಡ ಕಾದ ಗಾಜಿನಲ್ಲಿ ಕಣ್ಣಿಗೆ ಕಾಣದ ಸೀಳು ಎದ್ದು, ರಸ್ತೆಯ ಕುಲುಕಾಟಕ್ಕೆ ಒಂದು ದಿನ ಮೇಲೇರಿದೆ. ಎರಡನೇ ಗಾಜಿಗೆ ಒಂದು ಬಿಲ್ಲೆ ಕರ್ಪೂರ ಹಚ್ಚಿದ್ದರು, ನಲವತ್ತು ದಿನ ಬಂತು. ಒಡೆದದ್ದಕ್ಕೆ ಯಾರದೋ ದೃಷ್ಟಿಯೆಂದು ಮೂರನೆಯದಕ್ಕೆ ಎರಡು ಬಿಲ್ಲೆ, ಇಪ್ಪತ್ತೆರಡು ದಿನ. ನಾಲ್ಕನೆಯದಕ್ಕೆ ಐದು ಬಿಲ್ಲೆ. ನಾಲ್ಕೇ ದಿನ.

"ಗುಳಿ ಸಿಕ್ಕಿರ್ನಿಲ್ಲ ಸಾ. ಕರೀ ಪಟ್ಟಿ ಒಳ್ಗೆ ಎಲ್ಲೋ ಬಿದ್ದಿರ್ಬೇಕು ಅಂದ್ಕಂಡು ಕಲ್ಲೇಟು ಅಂದ್ಬುಟ್ಟೆ. ನನ್ ಬಾಯಿಂದ ಆ ಮನ್ಸನ ಕೆಲ್ಸ ಓಯ್ತು."

ಆದರೂ ಸುಮ್ಮನೆ ಕೂರುವ ಜೀವವಲ್ಲ. ಎದ್ದು ಒಳಗಿಂದ ಅದೇ ಹಿತ್ತಾಳೆ ತಟ್ಟೆ ತರುತ್ತಾರೆ. ಎರಡನೇ ಗಾಜಿನ ಒಡೆಯದೆ ಉಳಿದ ತುದಿಗೆ ತಟ್ಟೆ ಒತ್ತಿಟ್ಟು ಐದು ಬಿಲ್ಲೆ ಹಚ್ಚುತ್ತಾರೆ. ಮೂವರೂ ನಿಂತು ನೋಡುತ್ತೇವೆ. ಒಂದು ನಿಮಿಷ, ಏನಿಲ್ಲ. ಎಲ್ಲ ಬರೀ ಗಾಬರಿಯಾಗಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ. ಅಷ್ಟರಲ್ಲಿ ಟಿಕ್ ಎಂದು ಸಣ್ಣ ಸದ್ದು. ಕಪ್ಪು ಪಟ್ಟಿಯೊಳಗಿಂದ ಕೂದಲೆಳೆಯಂಥ ಗೆರೆಯೊಂದು ನಮ್ಮ ಕಣ್ಣೆದುರೇ ಒಂದು ಗೇಣು ಮೇಲಕ್ಕೆ ನಡೆಯುತ್ತದೆ. ಕರಿಯಯ್ಯ ಚಪ್ಪಲಿ ಬಿಟ್ಟು ಹಿಂದೆ ಸರಿಯುತ್ತಾರೆ. ನನ್ನ ಕೈಲಿದ್ದ ಪೆನ್ನು ಎಲ್ಲಿ ಬಿತ್ತೋ ಆಮೇಲೂ ಸಿಗಲಿಲ್ಲ.

ಇದನ್ನು ಬರೆಯಬೇಡಿ ಎಂದು ಕೇಳಿಕೊಳ್ಳುತ್ತಾರೆಂದೇ ನಾನು ಎಣಿಸಿದ್ದೆ. ಪಟ್ಟಲಮ್ಮ ಕೈ ಒರೆಸಿಕೊಂಡು ಕಂಪನಿಯ ಎಂಜಿನಿಯರ್ ದೀಪಿಕ ಅವರಿಗೆ ಫೋನು ಮಾಡುತ್ತಾರೆ. "ಮೇಡಮ್ಮು, ಬತ್ತೀರಾ ವಸಿ. ಗಾಜು ಒಡ್ದೋರು ಸಿಕ್ಕವ್ರೆ."

ಮಂಡ್ಯದ ಗುತ್ತಲಿನಿಂದ ಸ್ಕೂಟರಿನಲ್ಲಿ ಬಂದ ದೀಪಿಕ ಮೂವತ್ತರ ಆಸುಪಾಸಿನವರು. ಮೂರು ಬಿರುಕನ್ನೂ ಟೇಪು ಹಿಡಿದು ಅಳೆಯುತ್ತಾರೆ. ಹೊಸ ಗೆರೆಯನ್ನು ಬಹಳ ಹೊತ್ತು ನೋಡುತ್ತಾರೆ. "ಅಕ್ಕ, ಇದನ್ನ ನಾನು ರಿಪೋರ್ಟಲ್ಲಿ ಬರೀಲೇಬೇಕು. ಬರೆದ್ಮೇಲೆ ನಮ್ಮ ಗಾಡಿಗಳ ಕೆಲಸ ನಿಮಗೆ ಕೊಡ್ತಾರೆ ಅಂತ ನಾನು ಹೇಳಕ್ಕಾಗಲ್ಲ."

"ಬರ್ಕಳಿ. ಸಿದ್ದರಾಮುನ ಸೀಟ್ಗೆ ಕೂರ್ಸಿ, ಅಷ್ಟೇಯ" ಎನ್ನುತ್ತಾರೆ ಪಟ್ಟಲಮ್ಮ. ಆಮೇಲೆ ದನಿ ಕೊಂಚ ಗಡುಸಾಗುತ್ತದೆ. "ಒಂದ್ ಮಾತು ಕೇಳ್ತೀನಿ ಕಣವ್ವ. ಇಷ್ಟು ದೊಡ್ ಗಾಡಿ ಮಾಡವ್ರೆ. ಟೀವಿ ಮಡಗವ್ರೆ. ಕರ್ಪೂರ ಇಕ್ಕೋಕೆ ಅಂಗೈಯಗ್ಲ ಜಾಗ ಮಡಗಿಲ್ಲ. ಆಯುಧಪೂಜೆ ದಿನ ಮಿಕ್ಕ ಡ್ರೈವರ್‌ಗೋಳು ಎಲ್ಲಿಗಿಕ್ತಾರೆ?"

ದೀಪಿಕ ಬೆರಳು ಮಡಿಚಿ ಎಣಿಸುತ್ತಾರೆ. ಲಾರಿಗಳು ಬಂದದ್ದು ಡಿಸೆಂಬರಿನಲ್ಲಿ, ಹೋದ ವರ್ಷದ ಆಯುಧಪೂಜೆ ಮುಗಿದ ಮೇಲೆ. ಈ ಸಲದ್ದಕ್ಕೆ ಇಪ್ಪತ್ತು ದಿನವಿದೆ. ಹನ್ನೊಂದು ಲಾರಿ, ಹನ್ನೊಂದು ಡ್ರೈವರು, ತಟ್ಟೆ ಇಡಲು ಎಲ್ಲರಿಗೂ ಇರುವುದು ಅದೊಂದೇ ಜಾಗ. ಅವರು ಸ್ಕೂಟರಿಗೆ ಒರಗಿಕೊಂಡು ನೀರು ಕೇಳುತ್ತಾರೆ.

ಮಧ್ಯಾಹ್ನ ಸಿದ್ದರಾಮು ಬರುತ್ತಾನೆ. ಗಾಡಿ ಬಿಟ್ಟ ಡ್ರೈವರುಗಳು ಒಂಥರಾ ಕೈ ಎಲ್ಲಿಡಬೇಕೆಂದು ತಿಳಿಯದವರ ಹಾಗೆ ನಡೆಯುತ್ತಾರೆ, ಇವನೂ ಹಾಗೇ. ಪಟ್ಟಲಮ್ಮ ಸುತ್ತಿ ಬಳಸಿ ಹೇಳುವುದಿಲ್ಲ. "ನಿನ್ ಗಾಜ ಒಡ್ದೋಳು ನಾನು ಕಣ್ಲಾ. ನನ್ ಕರ್ಪೂರ. ನಿನ್ ಮ್ಯಾಲೆ ದೂರು ಏಳ್ದೋಳೂ ನಾನೇ."

ಅವನು ಗಾಜನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡುತ್ತಾನೆ. ಬೈಯುತ್ತಾನೆಂದು ಕಾದೆವು. ಬೈಯಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. "ಕಡೇ ಸಲ ಬಿಲ್ಲೆ ಜಾಸ್ತಿ ಇಕ್ಕಕ್ಕ ಅಂದೋನು ನಾನಲ್ವಾ" ಎಂದಷ್ಟೇ ಹೇಳಿ, ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾನೆ. ಮನೆಯಲ್ಲಿ ಹೆಂಡತಿಯೂ ಅವನನ್ನು ನಂಬಿರಲಿಲ್ಲವಂತೆ. ಹೊಸ ಗಾಜನ್ನು ಅಂದು ಪಟ್ಟಲಮ್ಮ, ಕರಿಯಯ್ಯ, ಸಿದ್ದರಾಮು ಮೂವರೂ ಸೇರಿ ಕೂರಿಸಿದರು. ಕರ್ಪೂರವನ್ನು ಮಾರನೇ ದಿನ ನೆಲದಲ್ಲಿ, ಚಕ್ರದ ಮುಂದೊಂದು ಚಪ್ಪಡಿಯ ಮೇಲೆ ಹಚ್ಚಿದರು.

ಹತ್ತು ದಿನ ಬಿಟ್ಟು ನಾನು ಮತ್ತೆ ಹೋಗುತ್ತೇನೆ. ಕಂಪನಿ ತನ್ನ ಲಾರಿಗಳ ಗಾಜಿನ ಕೆಲಸವನ್ನು ಬೆಂಗಳೂರಿನವರಿಗೆ ಕೊಟ್ಟಿದೆ. ದೀಪಿಕ ಹಟ ಹಿಡಿದು ಇನ್ನೊಂದು ಕೆಲಸ ಕೊಡಿಸಿದ್ದಾರೆ. ಅಂಗೈಯಗಲದ ಹನ್ನೊಂದು ಉಕ್ಕಿನ ತಟ್ಟೆ, ಲಾರಿಯ ಮುಂದೆ ದೀಪದ ಕೆಳಗೆ, ಗಾಜಿನಿಂದ ದೂರಕ್ಕೆ ಬೋಲ್ಟು ಹಾಕಿ ಕೂರಿಸುವಂಥವು. ಕರಿಯಯ್ಯ ಏಳನೆಯದನ್ನು ಬಾಗಿಸುತ್ತಿದ್ದಾರೆ. ಪಟ್ಟಲಮ್ಮ ಒಂದು ಹಳೇ ಬಸ್ಸಿಗೆ ಹಗ್ಗ ಸುತ್ತುತ್ತಿದ್ದಾರೆ. ಹೋದ ಕೆಲಸದ ಬಗ್ಗೆ ಕೇಳಿದರೆ "ಓಯ್ತು" ಎನ್ನುತ್ತಾರೆ.

ಅಷ್ಟರಲ್ಲಿ ಸದ್ದಿಲ್ಲದೆ ಕರೆಂಟು ಲಾರಿಯೊಂದು ಬಂದು ರಸ್ತೆ ಬದಿಗೆ ನಿಲ್ಲುತ್ತದೆ. ದೊಡ್ಡ ಗಾಜಿನ ಹಿಂದೆ ಸಿದ್ದರಾಮು ಸೀಟಿನಿಂದೆದ್ದು ಮೂರು ಹೆಜ್ಜೆ ನಡೆದು, ಬಾಗಿಲು ತೆಗೆದು ತಲೆ ಹೊರಗೆ ಹಾಕುತ್ತಾನೆ. ಹೋಗುತ್ತಿದ್ದೇನೆ ಎಂದು ಕೈಯೆತ್ತುತ್ತಾನೆ.

"ಕೈ ಎತ್ತೋಕೂ ಎದ್ ಬರ್ಬೇಕಲ್ಲೋ. ಓಗು, ಒತ್ತಾಯ್ತು" ಎಂದು ಪಟ್ಟಲಮ್ಮ ಗದರುತ್ತಾರೆ. ಲಾರಿ ತಿರುವು ದಾಟುವವರೆಗೆ ಅವರ ಕಣ್ಣು ಗಾಜಿನ ಮೇಲೇ ಇರುತ್ತದೆ.

ಪೇಪರಿನಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಅವರು ಹಗ್ಗವನ್ನು ಸೋಪಿನ ನೀರಿಗೆ ಅದ್ದುತ್ತ ಯೋಚಿಸುತ್ತಾರೆ.

"ಸಿದ್ದರಾಮು ಒಡ್ದಿಲ್ಲ ಅಂತ ಮೊದ್ಲ್ನೇ ಸಾಲ್ನಾಗೇ ಆಕಿ. ಅವ್ನ್ ಎಂಡ್ರು ಅಷ್ಟು ಓದಿ ಮಡಗಿದ್ರೂ ಸಾಕು. ಆಮೇಲೆ, ಒಡ್ದೋಳು ಪಟ್ಟಲಮ್ಮ ಅಂತ ಬರೀರಿ. ಕಂಡಿಡ್ದೋಳೂ ಅವ್ಳೇ ಅಂತ ಬರೀರಿ."