ಅಕ್ಕ ಕಟ್ಟಿದ ಬಾವಿ

ಹುಮನಾಬಾದಿಗೆ ಮದುವೆಯಾಗಿ ಹೋದ ಅಕ್ಕನಿಗೂ ಬಸವಕಲ್ಯಾಣದಲ್ಲೇ ಉಳಿದ ನನಗೂ ಓಡಿ ಜಿಗಿಯುವ ವಿಡಿಯೊ ಗೇಮ್ ಎಂದರೆ ಮೊದಲಿನಿಂದಲೂ ಹುಚ್ಚು. ಆಡುವವರೇ ಲೆವೆಲ್, ಅಂದರೆ ಆಟದ ಹಂತಗಳನ್ನು ಕಟ್ಟಬಹುದಾದ ಹೊಸ ಗೇಮ್ ಬರುತ್ತದೆಂದು ತಿಳಿದು ಇಬ್ಬರೂ ಕಾಯುತ್ತಿದ್ದೆವು. ಆಗೊಮ್ಮೆ ಅಕ್ಕ ಫೋನಿನಲ್ಲಿ, "ಗೇಮ್ ಬರ್ಲಿ, ಅದರಾಗ ನಮ್ಮ ಹೊಲದ ಬಾವಿ ಕಟ್ತೀನಿ. ನೀ ಬಂದು ಆಡಬೇಕು ನೋಡು," ಎಂದಳು.

ಚಿಕ್ಕವಳಿದ್ದಾಗ ನಾನು ಬಿದ್ದ ಬಾವಿ ಅದು. ಅಕ್ಕನ ಆ ಮಾತು ಕೇಳಿದ ಮೇಲೆ ಗೇಮ್ ಬರುವುದೇ ಬೇಡವೆನಿಸತೊಡಗಿತು. ಬಿಡುಗಡೆ ಮುಂದೆ ಹೋಯಿತೆಂಬ ಸುದ್ದಿಗೆ ಅಕ್ಕ ಬೇಜಾರಾದಳು, ನಾನು ಉಸಿರುಬಿಟ್ಟೆ.

ಕೊನೆಗೂ ಅದು ಬಂತು, ಬಾವಿ ಕಟ್ಟಿ ಮುಗಿಸಿ ಅಕ್ಕ ನನ್ನನ್ನು ಕರೆದಳು. ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ. ಅಕ್ಕ ಟೀವಿ ಹಚ್ಚಿದಳು. ಪರದೆಯ ತುಂಬ ಕಲ್ಲಿನ ಮೆಟ್ಟಿಲು, ತಳದಲ್ಲಿ ಕಪ್ಪು ನೀರು. ಮೆಟ್ಟಿಲ ಮೇಲಿನ ಪಾಚಿಯನ್ನೂ ಅವಳು ಬಿಟ್ಟಿರಲಿಲ್ಲ.

"ನೀ ದಾಟಿದೇನಕ್ಕಾ?"

"ಇಲ್ಲವಾ. ಕಟ್ಟಿದಾಕಿ ತಾನು ಮುಗಿಸದ ಹೊರ್ತು ಬ್ಯಾರೆಯವ್ರಿಗೆ ಕಳಸಾಕ ಬರಂಗಿಲ್ಲ. ಆ ನೀರಿನ ಹತ್ರ ಹ್ವಾದ್ರ ಅಲ್ಲೇ ಆಟ ಬಿಟ್ಬಿಡ್ತೀನಿ. ಅವತ್ತು ನೀ ಬಿದ್ದಾಗ ಮ್ಯಾಲೆ ನಿಂತು ನೋಡಿದಾಕಿ ನಾನೇ ಅಲ್ಲೇನು?"

ಅವಳಿಗೂ ಆ ಹೆದರಿಕೆ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. ಒಂದೇ ಜಾಯ್‌ಸ್ಟಿಕ್ಕನ್ನು ಇಬ್ಬರೂ ಹಿಡಿದೆವು. ಪರದೆಯ ಗೊಂಬೆಯನ್ನು ಓಡಿಸುವುದು ಅವಳು, ಜಿಗಿಸುವುದು ನಾನು. ಅದು ನೀರಿಗೆ ಬಿದ್ದಾಗಲೆಲ್ಲ ಅವಳು ನನ್ನ ಮೊಣಕೈ ಬಿಗಿಯಾಗಿ ಹಿಡಿಯುತ್ತಿದ್ದಳು. ಸಂಜೆಯ ಹೊತ್ತಿಗೆ ಹೇಗೋ ದಾಟಿದೆವು.

"ಈಗ ಎಲ್ಲರಿಗೂ ಕಳಸ್ಲೇನು?" ಎಂದಳು.

"ಬ್ಯಾಡಕ್ಕಾ, ಇದು ನಮ್ಮಿಬ್ಬರದೇ ಇರ್ಲಿ," ಎಂದೆ. ಅವಳು ಹೂಂ ಎಂದು ಟೀವಿ ಆರಿಸಿದಳು.