ಹಾರುವ ವೀರ ಮತ್ತು ನಮ್ಮ ಅತ್ತೆ

ನಮ್ಮ ಮನೆಯಲ್ಲಿ ಎರಡು ಕೈಮಗ್ಗ, ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಕುಣಿ ತೋಡಿದಂಥವು. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಗಂಡ. ನಾನು ಅಬ್ಬಿಗೇರಿಯಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದಾಗಿನಿಂದ ನಾವು ಸೀರೆ ನೇಯುತ್ತಲೇ ಜಗಳವಾಡಿದ್ದೇವೆ, ಅದೂ ಹೆಚ್ಚಾಗಿ ಸಿನಿಮಾದ ಮೇಲೆ. ಅವರಿಗೆ ಆಕಾಶದಲ್ಲಿ ಹಾರುವ, ಬರಿಗೈಯಲ್ಲಿ ರೈಲು ತಡೆಯುವ ವೀರರೆಂದರೆ ಪ್ರಾಣ. ನನಗೆ ದೆವ್ವದ ಸಿನಿಮಾ. ಗುಂಡು ತಾಗದವನಿಗಾಗಿ, ಬಿದ್ದರೂ ಎಲುಬು ಮುರಿಯದವನಿಗಾಗಿ ನಾನೇಕೆ ಹೆದರಬೇಕು? ಬಾಗಿಲಾಚೆ ಏನಿದೆಯೋ ಎಂದು ನಡುಗುತ್ತ ನಿಂತವಳಾದರೆ ನನ್ನಂಥವಳೇ.

"ದೆವ್ವ ಅನ್ನೋದು ಸುಳ್ಳು," ಎನ್ನುತ್ತಿದ್ದರು ಅವರು.

"ಮನಷ್ಯಾ ಹಾರೋದು ಖರೇ ಏನ್ರಿ?" ಎನ್ನುತ್ತಿದ್ದೆ ನಾನು.

ಕಳೆದ ಬೇಸಿಗೆಯಲ್ಲಿ ಅಂಥ ಒಬ್ಬ ವೀರನ ಹೊಸ ಚಿತ್ರ ಕನ್ನಡಕ್ಕೆ ಡಬ್ ಆಗಿ ಗದಗಿನ ಟಾಕೀಸಿಗೆ ಬಂತು. "ದೊಡ್ಡ ಪರದೆ ಮ್ಯಾಲ ಒಮ್ಮಿ ನೋಡು, ಆಮ್ಯಾಲ ಮಾತಾಡು," ಎಂದು ನನ್ನನ್ನು ಹೊರಡಿಸಿದರು. ಅತ್ತೆ ತಾವೂ ಬರುತ್ತೇನೆಂದು ಒಳ್ಳೆಯ ಸೀರೆ ಉಟ್ಟು ನಿಂತರು. ಮಧ್ಯಾಹ್ನದ ಆಟಕ್ಕೆ ಮೂವರೂ ಹೋದೆವು.

ವೀರನಿಗೂ ದುಷ್ಟನಿಗೂ ಪಟ್ಟಣದ ನಡುವೆ ಕಾಳಗ ಶುರುವಾಯಿತು. ಕಟ್ಟಡಗಳು ಒಂದರ ಹಿಂದೊಂದು ಕುಸಿದವು. ಅತ್ತೆಗೆ ತಡೆಯಲಾಗಲಿಲ್ಲ.

"ಯಪ್ಪಾ, ಊರ ಹೊರಗ ಹೋಗಿ ಬಡದಾಡ್ರೋ! ಮಂದಿ ಮನಿ ಯಾಕ ಕೆಡವ್ತೀರಿ?"

ಸುತ್ತಲಿನವರೆಲ್ಲ ಗೊಳ್ಳೆಂದು ನಕ್ಕರು. "ಅವ್ವಾ, ಸುಮ್ನ ಕುಂಡ್ರು," ಎಂದು ನನ್ನ ಗಂಡ ಕುರ್ಚಿಯಲ್ಲೇ ಕುಗ್ಗಿಹೋದರು.

"ಅಲ್ಲೋ, ಅವಂಗ ಹಾರಾಕ ಬರ್ತೈತಿ. ಆ ಹಲ್ಕಟ್ಟನ್ನ ಎತ್ಕೊಂಡು ಅಡವಿಗೆ ಹೋಗಾಕ ಏನ್ ಧಾಡಿ?"

ಹಿಂದಿನ ಸಾಲಿನಿಂದ ಯಾರೋ, "ಖರೇ ಐತ್ರಿ ಅಮ್ಮಾರ ಮಾತು," ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಇಷ್ಟು ವರ್ಷದ ನನ್ನ ವಾದ ಅತ್ತೆಯ ಬಾಯಿಂದ ಗೆದ್ದಿತೆಂದುಕೊಂಡೆ.

ಆದರೆ ಪರದೆಯ ಮೇಲೆ, ಕಾಳಗ ಗೆದ್ದ ವೀರ ತನ್ನ ಮನೆಗೆ ಬಂದ. ಮೈಯೆಲ್ಲ ಧೂಳು. ಎಲ್ಲಿಗೆ ಹೋಗಿದ್ದನೆಂದು ತಾಯಿಗೆ ಹೇಳುವ ಹಾಗಿಲ್ಲ. ಅವಳೂ ಕೇಳಲಿಲ್ಲ, ತಟ್ಟೆ ಇಟ್ಟು ಬಡಿಸಿದಳು. ಅವನು ತಲೆ ಬಗ್ಗಿಸಿ ಉಂಡ. ಪಕ್ಕದಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣೂ ತುಂಬಿತ್ತು. ನನ್ನ ಗಂಡ ನಮ್ಮಿಬ್ಬರನ್ನೂ ನೋಡಿದರು.

ಬಸ್ಸು ನರೇಗಲ್ ದಾಟುವಾಗ ನಾನೇ ಬಾಯಿಬಿಟ್ಟೆ. "ಊಟದ ಸೀನ್ ಚಲೋ ಇತ್ತ್ರಿ. ಆದ್ರ ಆ ಹಾರಾಟದಾಗ ನಿಮಗ ಏನ್ ಸಿಗತೈತಿ?"

ಅವರು ಕಿಟಕಿಯಾಚೆಯ ಎರೆಹೊಲ ನೋಡುತ್ತ ಹೇಳಿದರು, "ದಿನಾ ಮಗ್ಗದ ಕುಣ್ಯಾಗ ಕಾಲಿಟ್ಟು ಕುಂಡ್ರೋರು ನಾವು. ಒಬ್ಬಾಂವ ನೆಲಾ ಬಿಟ್ಟು ಮ್ಯಾಲೆದ್ದ ಅಂದ್ರ ಮೈ ಹಗುರ ಆಗತೈತಿ, ಅಷ್ಟ."

ನಾನೂ ಅಂಥದೇ ಕುಣಿಯಲ್ಲಿ ಕಾಲಿಡುವವಳು. ಇದು ನನಗೆ ಹೊಳೆದೇ ಇರಲಿಲ್ಲ. ಊರು ಬರುವವರೆಗೆ ಅವರ ತೋಳಿಗೆ ಒರಗಿ ಕೂತೆ.

ಮುಂದಿನ ರವಿವಾರ ಊಟವಾದ ಮೇಲೆ ಅವರೇ ಟಿವಿಯಲ್ಲಿ ದೆವ್ವದ ಸಿನಿಮಾ ಹಚ್ಚಿದರು. "ನಿನ್ನ ಕಡೀದೂ ಒಂದು ನೋಡೂಣು." ಅರ್ಧಕ್ಕೇ ಹೆದರಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಹಾಡಹಗಲು, ಬಿಸಿಲು ಬಾಗಿಲವರೆಗೂ ಬಂದಿತ್ತು, ಆದರೂ ಹಿಂದಿನ ಕೋಣೆಯಿಂದ ನೀರು ತರಲು ಏಳಲೊಲ್ಲರು.

ಅತ್ತೆ ಸರಿದು ಕೂತು ಮಗನ ಕೈ ಹಿಡಿದರು. "ನಾ ಇಲ್ಲೇ ಅದೀನಿ. ನೋಡು."